ಕೊಬ್ಬರಿ ಅಟ್ಟ: ನಮ್ಮ ಸೀಮೆಯ ಮರದ ಕಣಜ

ದೇವಾಲಯಕ್ಕೆ ನೂರು ವರ್ಷ ತುಂಬಿದ ಶುಭ ಸಂದರ್ಭದಲ್ಲಿ ಅದರ ಗೋಡೆಯನ್ನೆತ್ತಿದ ಕೈಗಳನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅಂಥವೇ ಕೈಗಳು ಈ ಸೀಮೆಯ ಮನೆಮನೆಯೊಳಗೆ ಮತ್ತೊಂದು ಕಟ್ಟಡವನ್ನು ಕಟ್ಟಿದ್ದವು. ಅದಕ್ಕೆ ಶಿಲಾಶಾಸನವಿಲ್ಲ, ಉದ್ಘಾಟನೆಯ ದಿನಾಂಕವಿಲ್ಲ. ಅದೇ ಕೊಬ್ಬರಿ ಅಟ್ಟ. ಸಂಪಿಗೆಯ ಸುತ್ತಣ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪ್ರಾಂತ್ಯದ ಜನಜೀವನವನ್ನು ಹೊತ್ತು ನಿಂತದ್ದು ಈ ಅಟ್ಟವೇ ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿನ ತೆಂಗಿನ ಬೇಸಾಯ ಬಹು ಪುರಾತನವಾದುದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಕಡೆಯ ತೆಂಗಿನ ತೋಟಗಳನ್ನು ಕುರಿತು ಬರೆದಿದ್ದಾನೆ. ಆತನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹೊನ್ನವಳ್ಳಿಯ 'ಗಂಗಾಪಾಣಿ' ಎಂಬ ತೆಂಗಿನ ರುಚಿ ಹಳೆಯ ಗೆಜೆಟಿಯರಿನಲ್ಲಿಯೂ ಸ್ಥಾನ ಪಡೆದಿದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದತ್ತ ಸಾಗಿದ ರೈಲುಮಾರ್ಗವು ತಿಪಟೂರನ್ನು ಹಾದುಹೋದ ಮೇಲೆ ಕೊಬ್ಬರಿಗೆ ದೂರದ ಪೇಟೆಗಳ ಬಾಗಿಲು ತೆರೆಯಿತು.

ಕೇರಳದಲ್ಲಿ ಕಾಯಿಯನ್ನು ಹೋಳು ಮಾಡಿ ಬಿಸಿಲಿನಲ್ಲೋ ಬೆಂಕಿಯ ಕಾವಿನಲ್ಲೋ ಒಣಗಿಸಿ ಎಣ್ಣೆಗೆ ಕಳುಹಿಸುವುದು ವಾಡಿಕೆ. ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಹಾಗೆಯೇ ಬಿಡಬೇಕು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಗಡಗಡ ಸದ್ದು ಬಂದರೆ ಕೊಬ್ಬರಿ ಆಯಿತೆಂದು ಅರ್ಥ. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿ ಚೂರಾಗುತ್ತದೆ. ಬಿರುಕುಬಿಟ್ಟ ಕಾಯನ್ನು ಏರಿಸಿದರೆ ಕೊಳೆಯುತ್ತದೆ. ಆದ್ದರಿಂದ ಅಟ್ಟಕ್ಕೆ ಬೇಕಾದುದು ಮೂರು ಗುಣ: ಭಾರ ಹೊರುವ ಶಕ್ತಿ, ಗಾಳಿಯಾಡುವ ಹಾಸು, ಮಳೆ ಸೋರದ ಮಾಡು.

ಸಿಪ್ಪೆಸಹಿತ ಹಸಿಕಾಯಿ ಒಂದು ಕಿಲೋ ತೂಗುತ್ತದೆಂದು ಹಿಡಿದರೂ ಹತ್ತು ಸಾವಿರ ಕಾಯಿಗೆ 10 ಟನ್ ಭಾರವಾಯಿತು. ಇಷ್ಟನ್ನೂ ಬರಿಯ ಮಣ್ಣಿನ ಗೋಡೆಗೆ ಹೊರಿಸಲು ನಮ್ಮ ಹಿರಿಯರು ಒಪ್ಪಲಿಲ್ಲ. ಕಲ್ಲಿನ ಮೇಲೆ ಮರದ ಕಂಬ ನಿಲ್ಲಿಸಿ, ಕಂಬದ ತಲೆಗೆ ಬೋದಿಗೆ ಕೂರಿಸಿ, ಅದರ ಮೇಲೆ ತೊಲೆ ಹಾಯಿಸಿ, ತೊಲೆಗಳಿಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತೆಗಳನ್ನಿಟ್ಟರು. ಗೋಡೆ ಕರಗಿ ಕುಸಿದರೂ ಕಂಬ ತೊಲೆಗಳ ಕಟ್ಟು ನಿಲ್ಲುತ್ತಿತ್ತು. ಹಲಸು, ಬೇವುಗಳಂಥ ಮರಗಳ ಜೊತೆಗೆ ಫಸಲು ನಿಂತ ಮುದಿ ತೆಂಗೂ ಬಳಕೆಗೆ ಬಂದಿತು. ತೆಂಗಿನ ಬೊಡ್ಡೆಯ ಒಳಭಾಗ ಮೆದು. ಹೊರಸುತ್ತಿನ ಕಪ್ಪು ಚೇಗು ಮಾತ್ರ ಗಟ್ಟಿ. ಇದನ್ನರಿತ ಬಡಗಿಯು ಮರವನ್ನು ಸೀಳಿ ಹೊರಪಟ್ಟಿಯನ್ನೇ ಆರಿಸಿಕೊಳ್ಳುತ್ತಿದ್ದನು. ಜಂತೆಗಳ ಮೇಲೆ ಬಿದಿರಿನ ಅಥವಾ ಅಡಿಕೆಯ ದಬ್ಬೆಗಳನ್ನು ಸಂದುಬಿಟ್ಟು ಹಾಸುತ್ತಿದ್ದರು. ಅಡುಗೆಮನೆಯ ಒಲೆಯ ಹೊಗೆ ಆ ಸಂದುಗಳಲ್ಲಿ ಏರಿ ಕಾಯಿಗೆ ಹದವಾದ ಶಾಖವನ್ನು ಕೊಡುತ್ತಿತ್ತು. ಮರಕ್ಕೆ ಹುಳು ಹತ್ತದಂತೆಯೂ ಕಾಯುತ್ತಿತ್ತು. ಮನೆಮಂದಿಗೆ ಗಂಜಿ ಬೇಯಿಸಿದ ಸೌದೆಯೇ ವರ್ಷದ ಆದಾಯವನ್ನೂ ಪಕ್ವಗೊಳಿಸುತ್ತಿತ್ತು.

ಮಾಡಿಗೆ ಮೊದಲು ಸೋಗೆ ಅಥವಾ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು; 1868ರಲ್ಲಿ ಪಾಸ್ಕಲ್ ಆಲ್ಬುಕರ್ಕ್ ಎಂಬವರು ಪಾಣೆಮಂಗಳೂರಿನಲ್ಲಿ ಆ ಉದ್ಯಮಕ್ಕೆ ಕೈಹಾಕಿದ ಮೊದಲ ಭಾರತೀಯರಾದರು. ಕಾಲಕ್ರಮದಲ್ಲಿ ಆ ಕೆಂಪು ಹೆಂಚು ಬಯಲುಸೀಮೆಯ ಅಟ್ಟಗಳ ಮೇಲೂ ಬಂದು ಕುಳಿತಿತು. ಸೋಗೆಗಿದ್ದ ಬೆಂಕಿಯ ಭಯ ಕಡಮೆಯಾಯಿತು.

ಅಟ್ಟದ ನಿಜವಾದ ಬೆಲೆ ಮಾತ್ರ ಅದರ ಮರದಲ್ಲಿಲ್ಲ, ಅದು ಕಲಿಸಿದ ತಾಳ್ಮೆಯಲ್ಲಿದೆ. ಮಗಳ ಮದುವೆಗೆ, ಮಗನ ಓದಿಗೆ, ಕಾಯಿಲೆ ಕಸಾಲೆಗೆ ಅಟ್ಟದತ್ತ ಮುಖವೆತ್ತಿ ನೋಡುತ್ತಿದ್ದ ಕುಟುಂಬಗಳು ಎಷ್ಟೋ. ಆದರೆ ಕಾಯುವ ಭಾಗ್ಯ ಎಲ್ಲರಿಗೂ ಸಮನಾಗಿ ಬರಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರವು ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಘೋಷಿಸಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಧಾರಣೆ 20,000 ರೂಪಾಯಿಯನ್ನು ದಾಟಿತು. ಸಾಲಗಾರನ ಒತ್ತಾಯಕ್ಕೆ ಅಟ್ಟ ಖಾಲಿಮಾಡಿದವರಿಗೆ ಆ ಏರಿಕೆಯಿಂದ ಬಂದ ಫಲವೇನು?

ಇಂದು ಅಟ್ಟಗಳು ಒಂದೊಂದಾಗಿ ಇಳಿಯುತ್ತಿವೆ. ತಾರಸಿಯ ಮನೆಯಲ್ಲಿ ಗ್ಯಾಸಿನ ಒಲೆಗೆ ಹೊಗೆಯಿಲ್ಲ. ಅನುಕೂಲವುಳ್ಳವರು ತೋಟದಲ್ಲಿಯೇ ಜಾಲರಿ ಗೋಡೆಯ ಶೆಡ್ಡುಗಳನ್ನು ಕಟ್ಟಿಸಿಕೊಂಡಿದ್ದಾರೆ. ಉಳಿದ ಅನೇಕರು ಎಳನೀರನ್ನೋ ಹಸಿಕಾಯನ್ನೋ ಮರದಡಿಯಲ್ಲೇ ಮಾರಿಬಿಡುತ್ತಾರೆ. ಹೊಗೆ ಕುಡಿದು ಕಣ್ಣು ಕೆಂಪಾಗಿಸಿಕೊಂಡ ನಮ್ಮ ತಾಯಂದಿರನ್ನು ನೆನೆದಾಗ ಹಳೆಯದೆಲ್ಲ ಹಾಗೆಯೇ ಉಳಿಯಲಿ ಎನ್ನಲು ನಮಗೆ ಮನಸ್ಸು ಬಾರದು. ಆದರೂ ಮನೆ ಕೆಡಹುವ ಮುನ್ನ ಒಮ್ಮೆ ಏಣಿ ಹತ್ತಿ ಆ ತೊಲೆಗಳನ್ನು ಮುಟ್ಟಿ ನೋಡೋಣ. ಗಟ್ಟಿಯಿರುವುದನ್ನು ಸೌದೆಗೆ ಹಾಕದೆ ಹೊಸ ಮನೆಯ ಬಾಗಿಲಿಗೋ ಹೊಸ ಶೆಡ್ಡಿನ ಅಟ್ಟಕ್ಕೋ ಬಳಸೋಣ. ಮಕ್ಕಳಿಗೆ ಬೋದಿಗೆ, ಜಂತೆ, ದಬ್ಬೆಗಳ ಹೆಸರನ್ನಾದರೂ ಹೇಳಿಕೊಡೋಣ. ಅವರನ್ನು ಓದಿಸಿದ ಹಣ ವರ್ಷವಿಡೀ ಅದರ ಮೇಲೆಯೇ ಒಣಗಿತ್ತೆಂಬುದು ಅವರಿಗೆ ತಿಳಿದಿರಲಿ.