ಬೌದ್ಧಿಕ ವೈಕಲ್ಯವುಳ್ಳ ಕಲಾವಿದರು ಮತ್ತು ಹೊಳಲ್ಕೆರೆ ಸೀಮೆಯ ರಂಗಪರಂಪರೆ

ಕಲಿಯುವ, ತರ್ಕಿಸುವ ಶಕ್ತಿಯಲ್ಲೂ ದಿನನಿತ್ಯದ ವ್ಯವಹಾರದಲ್ಲೂ ಬೆಳೆಯುವ ವಯಸ್ಸಿನಿಂದಲೇ ಕಾಣಿಸುವ ಗಣನೀಯ ಮಿತಿಯೇ ಬೌದ್ಧಿಕ ವೈಕಲ್ಯ. ಅದು ಮನೋರೋಗವಲ್ಲ. ಈ ವೈಕಲ್ಯದೊಡನೆ ಬದುಕುವವರಲ್ಲೂ ಹಾಡು, ಕುಣಿತ, ಅಭಿನಯದ ಒಲವುಳ್ಳವರಿದ್ದಾರೆ. ಅವರನ್ನು ಕಲಾವಿದರೆಂದು ಒಪ್ಪಲು ಸಮಾಜವೂ ಕಾನೂನೂ ಬಹುಕಾಲ ತೆಗೆದುಕೊಂಡವು.

ಅಂಥವರಿಗೆ ಒಗ್ಗುವ ಕಲಿಕೆಯ ಕ್ರಮ ಹೊಳಲ್ಕೆರೆ ಸುತ್ತಿನ ಬಯಲುಸೀಮೆಗೆ ಹೊಸದಲ್ಲ. ಇಲ್ಲಿನ ಜನಪದ ರಂಗಕಲೆಯಾದ ಮೂಡಲಪಾಯ ಬಯಲಾಟದಲ್ಲಿ ವೇಷಧಾರಿ ಓದುಬರಹ ಬಲ್ಲವನೇ ಆಗಬೇಕಿಲ್ಲ. ಪದ, ಮಾತು, ಹೆಜ್ಜೆಗಳನ್ನು ತಿಂಗಳುಗಟ್ಟಲೆ ತಾಲೀಮಿನಲ್ಲಿ ಕೇಳಿ, ನೋಡಿ, ಮತ್ತೆ ಮತ್ತೆ ಮಾಡಿ ಕಲಿಯುತ್ತಾನೆ. ರಂಗದಲ್ಲಿ ಭಾಗವತರು ಪದ ಎತ್ತಿಕೊಡುತ್ತಾರೆ. ಮದ್ದಳೆ, ತಾಳ, ಮುಖವೀಣೆಗಳು ಹೆಜ್ಜೆಗೆ ಆಸರೆಯಾಗುತ್ತವೆ. ಪೌರಾಣಿಕ ನಾಟಕಗಳಲ್ಲಿ ಇದೇ ಕೆಲಸವನ್ನು ಹಾರ್ಮೋನಿಯಂ ಮೇಷ್ಟ್ರು ಮಾಡುತ್ತಾರೆ. ಪುನರಾವರ್ತನೆ, ಲಯ, ಬೆನ್ನ ಹಿಂದೆ ನಿಂತ ಒಬ್ಬ ಸಹಾಯಕ: ಬೌದ್ಧಿಕ ವೈಕಲ್ಯವುಳ್ಳವರ ಕಲಿಕೆಗೂ ಬೇಕಾದದ್ದು ಇವೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಕಲೆಗೆ ಸಂಸ್ಥೆಗಳ ಬಲ ಬಂತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ ಎಂದು ಹೆಸರಾದ ರಾಘವೇಂದ್ರ ಸ್ವಾಮೀಜಿ ಕಟ್ಟಿದ ಅನಾಥ ಸೇವಾಶ್ರಮದಲ್ಲಿ ಯೋಗ, ಆಯುರ್ವೇದಗಳ ಜೊತೆ ಸಾಹಿತ್ಯ, ನಾಟಕಗಳಿಗೂ ಜಾಗವಿತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರ ಎಂಬ ನಾಟಕ ತಿರುಗಾಟವನ್ನೂ ಆರಂಭಿಸಿದರು. 2008ರಲ್ಲಿ ರಂಗಶಾಲೆಯೂ ತೆರೆಯಿತು. ಹಳ್ಳಿಯ ಯುವಕ ಯುವತಿಯರಿಗೆ ನಟನೆ ಸಂಬಳದ ವೃತ್ತಿಯಾಗಬಲ್ಲದೆಂದು ಶಿವಸಂಚಾರ ತೋರಿಸಿತು.

ಕಾನೂನು ಮಾತ್ರ ನಿಧಾನವಾಗಿ ಬದಲಾಯಿತು. 1912ರ ಭಾರತೀಯ ಹುಚ್ಚರ ಕಾಯ್ದೆ ಬುದ್ಧಿಮಾಂದ್ಯರನ್ನೂ (ಬೌದ್ಧಿಕ ವೈಕಲ್ಯವುಳ್ಳವರಿಗೆ ಹಿಂದಿನ ಹೆಸರು) ಮನೋರೋಗಿಗಳನ್ನೂ ಒಂದೇ ಗುಂಪಿಗೆ ಸೇರಿಸಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಇಬ್ಬರನ್ನೂ ಬೇರ್ಪಡಿಸಿತು. 1995ರ ಅಂಗವಿಕಲರ ಕಾಯ್ದೆ ಬುದ್ಧಿಮಾಂದ್ಯತೆಯನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 1999ರಲ್ಲಿ ಇಂಥವರ ಕ್ಷೇಮಕ್ಕಾಗಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಅಂಗವೈಕಲ್ಯವುಳ್ಳ ಕಲಾವಿದರಿಗೆ ಸೌಲಭ್ಯ, ಬೆಂಬಲ, ಪ್ರಾಯೋಜಕತ್ವ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ಆರೈಕೆಯ ಮಾತು ಹಕ್ಕಿನ ಮಾತಾದದ್ದು ಹೀಗೆ.

ಹೊರದೇಶಗಳಲ್ಲಿ ಈ ಹಕ್ಕು ವೃತ್ತಿಯ ರೂಪ ಪಡೆದದ್ದುಂಟು. ಫ್ರಾನ್ಸಿನ ರೂಬೆ ನಗರದಲ್ಲಿ 1978ರಲ್ಲಿ ಹುಟ್ಟಿದ ‘ಲ್ವಾಜೋ ಮೂಶ್’ ತಂಡದಲ್ಲಿ ಬೌದ್ಧಿಕ ವೈಕಲ್ಯವುಳ್ಳವರೇ ಸಂಬಳದ ನಟರು. ಡೌನ್ ಸಿಂಡ್ರೋಮ್ ಇರುವ ಬೆಲ್ಜಿಯಂ ನಟ ಪಾಸ್ಕಲ್ ಡ್ಯುಕೆನ್ 1996ರ ಕಾನ್ ಚಿತ್ರೋತ್ಸವದಲ್ಲಿ ಸಹನಟ ಡೇನಿಯಲ್ ಒತೈ ಅವರೊಂದಿಗೆ ಶ್ರೇಷ್ಠ ನಟ ಪ್ರಶಸ್ತಿ ಹಂಚಿಕೊಂಡರು.

ಇಂಥ ಕಲಾವಿದರ ಆಸೆ ಬೇರೆ ಯಾವ ಕಲಾವಿದರ ಆಸೆಗಿಂತಲೂ ಭಿನ್ನವಲ್ಲ: ತಕ್ಕ ಪಾತ್ರ, ದುಡಿಮೆಗೆ ಸಂಭಾವನೆ, ಶಾಲಾ ವಾರ್ಷಿಕೋತ್ಸವದಾಚೆಗೂ ಒಂದು ರಂಗ. ಅದಕ್ಕೆ ಬೇಕಾದ ಸಾಮಗ್ರಿ ಹೊಳಲ್ಕೆರೆ ಸೀಮೆಯಲ್ಲಿದೆ. ಮಾತು ಕಡಿಮೆ ಮಾಡಿ ಹಾಡು ಕುಣಿತ ಹೆಚ್ಚಿಸಿದ ಪಾತ್ರ, ದೀರ್ಘ ತಾಲೀಮು, ರಂಗದ ಮೇಲೆ ಜೊತೆಗಿರುವ ಸಹನಟ, ತಿರುಗಾಟದಲ್ಲಿ ಊಟ ವಸತಿಗೆ ನೆರವಾಗುವ ಒಬ್ಬರು, ಎಲ್ಲರಂತೆ ಗೌರವಧನ: ಇಷ್ಟನ್ನು ರಂಗಶಾಲೆಗಳೂ ಊರ ನಾಟಕ ಮಂಡಳಿಗಳೂ ಒದಗಿಸಿದರೆ ಕಾಯ್ದೆಯ ಹಕ್ಕು ಕಲಾವಿದರ ಬದುಕಾಗುತ್ತದೆ.