ಭತ್ತದಿಂದ ಭತ್ಯೆಗೆ: ಮಾಲ್ಟಾ, ಸೈಪ್ರಸ್‌ಗೆ ಹೋದವರ ಖರ್ಚು ಕೊಟ್ಟವರು ಯಾರು?

ಗಲ್ಫ್ ಬಿಟ್ಟು ಬೇರೆ ಕಡೆ ಹೋಗಬೇಕೆನ್ನುವ ನಮ್ಮ ಕಡೆಯ ಹುಡುಗರಿಗೆ ಈಗ ಎರಡು ಹೊಸ ಹೆಸರುಗಳು ಕೇಳಿಸುತ್ತಿವೆ. ಮಾಲ್ಟಾ ಮತ್ತು ಸೈಪ್ರಸ್. ಎರಡೂ ಮೆಡಿಟರೇನಿಯನ್ ಸಮುದ್ರದ ದ್ವೀಪಗಳು. ಎರಡರಲ್ಲೂ ಯೂರೋ ನಡೆಯುತ್ತದೆ. ಹೋಟೆಲ್ ಕೆಲಸ, ಡೆಲಿವರಿ ಕೆಲಸ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಇದೆ ಅನ್ನುತ್ತಾರೆ. ಮೊಸಳೆಯಲ್ಲಾಗಲಿ, ಹೊಳೆನರಸೀಪುರದಲ್ಲಾಗಲಿ ಮೊದಲು ಬರುವ ಪ್ರಶ್ನೆ ಒಂದೇ: ಸಂಬಳ ಎಷ್ಟು?

ಆದರೆ ಈ ದ್ವೀಪಗಳಿಗೆ ದಕ್ಷಿಣ ಭಾರತದಿಂದ ಜನ ಹೋಗುತ್ತಿರುವುದು ಇದೇ ಮೊದಲಲ್ಲ. ಸುಮಾರು ಒಂದೂವರೆ ಶತಮಾನದ ಹಿಂದೆಯೇ ಹೋಗಿದ್ದರು. ಆಗ ಅವರು ಕೇಳುತ್ತಿದ್ದ ಪ್ರಶ್ನೆ ಬೇರೆ: ಅಲ್ಲಿ ಊಟದ ಖರ್ಚು ಯಾರದು, ಇಲ್ಲಿ ಮನೆಯವರ ಖರ್ಚು ಯಾರದು? ಆ ಪ್ರಶ್ನೆಗೆ ಒಂದು ದೊಡ್ಡ ಚರಿತ್ರೆಯೇ ಇದೆ.

ಒಂದು ಪದದ ಕಥೆ

ಸರ್ಕಾರಿ ನೌಕರರು ‘ಭತ್ಯೆ’ ಅನ್ನುತ್ತಾರೆ. ಬಸ್ ಡ್ರೈವರ್, ಕಂಡಕ್ಟರ್ ‘ಬಾಟಾ’ ಅನ್ನುತ್ತಾರೆ. ಊರು ಬಿಟ್ಟು ಕೆಲಸಕ್ಕೆ ಹೋದಾಗ ಸಂಬಳದ ಮೇಲೆ ಸಿಗುವ ದುಡ್ಡು ಅದು. ಕಂಪನಿ ಸರ್ಕಾರದ ಸೈನ್ಯದಲ್ಲಿ ಇದಕ್ಕೆ ‘ಬಟ್ಟಾ’ ಎಂದು ಹೆಸರಿತ್ತು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಆಂಗ್ಲೋ-ಇಂಡಿಯನ್ ನಿಘಂಟು ಈ ಪದವನ್ನು ಕನ್ನಡದ ‘ಭತ್ತ’ಕ್ಕೆ ಜೋಡಿಸುತ್ತದೆ. ಪೋರ್ಚುಗೀಸರ ಬಾಯಲ್ಲಿ ಭತ್ತ ‘ಬಾಟೆ’, ‘ಬಾಟಾ’ ಆಗಿ, ಆಮೇಲೆ ಊಟದ ಖರ್ಚು ಎಂಬ ಅರ್ಥ ಬಂತು ಎನ್ನುವುದು ಅದರ ಊಹೆ. ಭತ್ತದ ಹಿಂದೆ ಸಂಸ್ಕೃತದ ‘ಭಕ್ತ’, ಅಂದರೆ ಅನ್ನ, ಇದೆ ಎನ್ನುವವರೂ ಇದ್ದಾರೆ. ಯಾವ ದಾರಿ ಹಿಡಿದರೂ ತಲುಪುವುದು ತಟ್ಟೆಗೇ. ಮನೆಯಿಂದ ದೂರ ಕಳಿಸಿದವನು ಊಟ ಹಾಕಬೇಕು, ಇದು ಆ ಪದದೊಳಗಿನ ನ್ಯಾಯ.

ಈ ನ್ಯಾಯ ತಪ್ಪಿದಾಗಲೆಲ್ಲ ಗಲಾಟೆ ಆಗಿದೆ. 1824ರಲ್ಲಿ ಬರ್ಮಾ ಯುದ್ಧಕ್ಕೆ ಹೊರಡಲು ಹೇಳಿದಾಗ ಬಂಗಾಳದ ಬ್ಯಾರಕ್‌ಪುರದಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಸಾಮಾನು ಹೊರುವ ಎತ್ತುಗಳ ಖರ್ಚನ್ನು ಸ್ವಂತ ಸಂಬಳದಿಂದ ಕೊಡಿ ಎಂದದ್ದು ಅವರ ಸಿಟ್ಟಿಗೆ ಒಂದು ಮುಖ್ಯ ಕಾರಣ. ಸರ್ಕಾರ ಉತ್ತರ ಕೊಟ್ಟದ್ದು ಫಿರಂಗಿಯಿಂದ.

1844ರದ್ದು ನಮಗೆ ಇನ್ನೂ ಹತ್ತಿರದ ಕಥೆ. ಮದ್ರಾಸ್ ಸೈನ್ಯದಲ್ಲಿ ಸಿಪಾಯಿಗಳ ಹೆಂಡತಿ ಮಕ್ಕಳು ದಂಡಿನ ಸಾಲುಮನೆಗಳಲ್ಲೇ ಇರುತ್ತಿದ್ದರು. ದೂರದ ಸೇವೆಗೆ ಹೊರಡುವವನು ಸಂಬಳದ ಒಂದು ಪಾಲನ್ನು ಮನೆಯವರಿಗೆ ಬರೆದುಕೊಟ್ಟು ಹೋಗುತ್ತಿದ್ದ. ಸಿಂಧ್‌ಗೆ ಹೊರಟ ಮದ್ರಾಸಿನ 47ನೇ ಪದಾತಿ ದಳದವರೂ ಹೀಗೇ ಮಾಡಿದರು. ಹೆಚ್ಚಿನ ಬಟ್ಟಾ ಸಿಗುತ್ತದೆ ಎಂಬ ಭರವಸೆಯ ಮೇಲೆ ಮನೆಗೆ ಬರೆದುಕೊಟ್ಟಿದ್ದರು. ಬೊಂಬಾಯಿ ಮುಟ್ಟಿದಾಗ ಆ ಭತ್ಯೆ ಇಲ್ಲ ಎಂದು ತಿಳಿಯಿತು. ಮನೆಗೆ ಕೊಟ್ಟದ್ದು ಕೊಟ್ಟಾಗಿತ್ತು, ಕೈಯಲ್ಲಿ ಊಟಕ್ಕೂ ಸಾಲದು. ಅವರು ಕವಾಯತು ಮೈದಾನದಲ್ಲೇ ಪ್ರತಿಭಟಿಸಿದರು. ಈ ದಂಗೆಗೆ ಮೂಲ ಧರ್ಮವೂ ಅಲ್ಲ, ರಾಜಕೀಯವೂ ಅಲ್ಲ. ಹೊರಡುವ ಮುಂಚೆ ಕೊಟ್ಟ ಮಾತಿಗೂ ಹೋದಮೇಲೆ ಸಿಕ್ಕ ದುಡ್ಡಿಗೂ ಇದ್ದ ಅಂತರ.

1878: ಊರಲ್ಲಿ ಬರ, ಹಡಗು ಮಾಲ್ಟಾಗೆ

1878ರ ಮಾರ್ಚ್‌ನಲ್ಲಿ ರಷ್ಯಾ ಮತ್ತು ತುರ್ಕಿ ನಡುವೆ ಸ್ಯಾನ್ ಸ್ಟೆಫಾನೊ ಒಪ್ಪಂದವಾಯಿತು. ರಷ್ಯಾ ಬಲಿಯುತ್ತಿದೆ ಎಂದು ಬೆದರಿದ ಬ್ರಿಟಿಷ್ ಪ್ರಧಾನಿ ಡಿಸ್ರೇಲಿ, ಭಾರತದಿಂದ ಸುಮಾರು 7,000 ಸೈನಿಕರನ್ನು ಮಾಲ್ಟಾಗೆ ಕರೆಸಿಕೊಂಡ. ಗೂರ್ಖಾ, ಪಂಜಾಬಿ, ಬೊಂಬಾಯಿ ದಳಗಳ ಜತೆಗೆ ಮದ್ರಾಸಿನ 25ನೇ ಪದಾತಿ ದಳವೂ ಇತ್ತು. ಬೆಂಗಳೂರಿನಲ್ಲಿ ಕೇಂದ್ರ ಹೊಂದಿದ್ದ ಮದ್ರಾಸ್ ಸ್ಯಾಪರ್ಸ್ ತುಕಡಿಗಳೂ ಹೊರಟವು. ಆಗ ಮಾಲ್ಟಾದ ಗವರ್ನರ್ ಆಗಿದ್ದ ಸರ್ ಆರ್ಥರ್ ಬೋರ್ಟನ್‌ಗೆ ನಮ್ಮ ನಾಡು ಹೊಸದಲ್ಲ. ಅದಕ್ಕೂ ಮುಂಚೆ ಆತ ಮದ್ರಾಸ್ ಸೈನ್ಯದ ಮೈಸೂರು ವಿಭಾಗದ ದಂಡನಾಯಕನಾಗಿದ್ದವನು.

ಆ ಕಾಲಕ್ಕೆ ಮೈಸೂರು ಸೀಮೆ ಹೇಗಿತ್ತು? 1876ರಿಂದ 1878ರವರೆಗಿನ ದೊಡ್ಡ ಬರ ಇನ್ನೂ ಪೂರ್ತಿ ಮುಗಿದಿರಲಿಲ್ಲ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಾಸನ ಸೀಮೆಯೂ ಅದರಲ್ಲಿ ಬೆಂದಿತ್ತು. ಬರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಎಷ್ಟು ಸಾಕು ಎಂದು ಸರ್ಕಾರ ಲೆಕ್ಕ ಹಾಕಿದ್ದೂ ಆಗಲೇ. ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದ ಕೂಲಿ: ಒಂದು ಪೌಂಡ್ ಧಾನ್ಯ, ಮೇಲೆ ಸ್ವಲ್ಪ ಕಾಸು. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ಗಂಡಸು ಬದುಕಲಾರ ಎಂದು ಮದ್ರಾಸಿನ ವೈದ್ಯಾಧಿಕಾರಿ ಡಾ. ಕಾರ್ನಿಷ್ ವಾದ ಮಾಡಬೇಕಾಯಿತು. ‘ಜೀವನ ವೆಚ್ಚ’ ಎಂದು ನಾವು ಈಗ ಹಗುರಾಗಿ ಹೇಳುವ ಮಾತು ಆಗ ಸಾವು ಬದುಕಿನ ಲೆಕ್ಕವಾಗಿತ್ತು.

ಅಂಥ ಸಮಯದಲ್ಲಿ ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 7 ರೂಪಾಯಿ. ಅದು 9 ರೂಪಾಯಿ ಆದದ್ದು 1895ರಲ್ಲಿ. ಆದ್ದರಿಂದ ಸಮುದ್ರದಾಚೆ ಹೋದಾಗ ಸಿಗುವ ಬಟ್ಟಾ ಮತ್ತು ಪಡಿತರವೇ ಅವನಿಗೆ ದೊಡ್ಡದು. ಪಡಿತರ ಅಲ್ಲೇ ಸಿಕ್ಕರೆ ಮಾತ್ರ ಸಂಬಳ ಮನೆಗೆ ಉಳಿಯುತ್ತಿತ್ತು.

ಇಷ್ಟು ದೊಡ್ಡ ದಂಡಿನ ಖರ್ಚು ಯಾರ ತಲೆಗೆ? ಭಾರತದ ಗಡಿಯಾಚೆಯ ಯುದ್ಧಕ್ಕೆ ಭಾರತದ ಕಂದಾಯ ಬಳಸಬೇಕಾದರೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕೆಂದು 1858ರ ಕಾಯ್ದೆ ಹೇಳುತ್ತಿತ್ತು. ಪಾರ್ಲಿಮೆಂಟಿಗೆ ತಿಳಿಸದೆ ದಂಡು ಕರೆಸಿದಿರಿ ಎಂದು ಲಂಡನ್ನಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಈ ಯಾತ್ರೆಯ ಹೆಚ್ಚುವರಿ ಖರ್ಚನ್ನು ಬ್ರಿಟಿಷ್ ಖಜಾನೆಯೇ ಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ಶುರುವಾದ ಅಫ್ಘಾನ್ ಯುದ್ಧದ ಹೆಚ್ಚಿನ ಭಾರ ಮಾತ್ರ ಭಾರತದ ರೈತರ ಕಂದಾಯದ ಮೇಲೇ ಬಿತ್ತು.

ಮಾಲ್ಟಾದಲ್ಲಿ ಯುದ್ಧ ಆಗಲೇ ಇಲ್ಲ. ಜೂನ್ 4ರ ಒಪ್ಪಂದದ ಪ್ರಕಾರ ಸೈಪ್ರಸ್ ದ್ವೀಪದ ಆಡಳಿತ ಬ್ರಿಟಿಷರ ಕೈಗೆ ಬಂತು. ಜುಲೈನಲ್ಲಿ ಭಾರತದ ದಳಗಳನ್ನು ಅಲ್ಲಿಗೆ ಸಾಗಿಸಿದರು. ಬಿರು ಬೇಸಿಗೆಯಲ್ಲಿ ಇಳಿದ ದಂಡಿನಲ್ಲಿ ಜ್ವರ ಹಬ್ಬಿತು. ಕೆಲವೇ ತಿಂಗಳಲ್ಲಿ ಭಾರತೀಯರು ವಾಪಸಾದರು. ದ್ವೀಪದವರಿಗೆ ಬಂದ ಬಿಲ್ಲು ಮಾತ್ರ ದಶಕಗಳ ಕಾಲ ಮುಗಿಯಲಿಲ್ಲ. ಸುಲ್ತಾನನ ಹೆಸರಿನ ಕಪ್ಪವಾಗಿ ವರ್ಷಕ್ಕೆ 92,000 ಪೌಂಡಿಗೂ ಮೀರಿದ ಹಣವನ್ನು ಸೈಪ್ರಸ್ ಜನರ ತೆರಿಗೆಯಿಂದಲೇ ಕೀಳಲಾಯಿತು.

ದ್ವೀಪದವರೂ ಊರು ಬಿಟ್ಟವರೇ

ಮಾಲ್ಟಾ ಬರೀ 316 ಚದರ ಕಿಲೋಮೀಟರ್. ಅಲ್ಲಿ ಹೇಮಾವತಿಯಂಥ ನದಿಯಿಲ್ಲ, ಅಂಥ ನಾಲೆಗಳಿಲ್ಲ. ಕುಡಿಯುವ ನೀರಿನ ದೊಡ್ಡ ಪಾಲು ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದು. ನಮ್ಮ ಹಾಸನದ ಹಾಗೆ ಆಲೂಗಡ್ಡೆ ಬೆಳೆಯುತ್ತಾರೆ, ಹಾಲೆಂಡಿಗೂ ಕಳಿಸುತ್ತಾರೆ. ಆದರೆ ತಿನ್ನುವ ಗೋಧಿ ಹಡಗಿನಲ್ಲಿ ಬರಬೇಕು. ಹೀಗಾಗಿ ಅಲ್ಲಿ ಬೆಲೆ ಏರಿಕೆ ಯಾವಾಗಲೂ ರಾಜಕೀಯವೇ. ಮೊದಲ ಮಹಾಯುದ್ಧ ಮುಗಿದಮೇಲೆ ಬ್ರೆಡ್ಡಿನ ಬೆಲೆ ಏರಿ, 1919ರ ಜೂನ್ 7ರಂದು ಜನ ಬೀದಿಗಿಳಿದರು. ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ನಾಲ್ವರು ಸತ್ತರು. ಆ ದಿನ ಇಂದಿಗೂ ಅಲ್ಲಿ ರಾಷ್ಟ್ರೀಯ ದಿನ.

ಎರಡನೇ ಮಹಾಯುದ್ಧದ ನಂತರ ಮಾಲ್ಟಾದವರೇ ಗಂಟುಮೂಟೆ ಕಟ್ಟಿದರು. 1948ರಲ್ಲಿ ಆಸ್ಟ್ರೇಲಿಯಾದ ಜತೆ ಒಪ್ಪಂದವಾಗಿ, ವಲಸೆ ಹೋಗುವವರ ಹಡಗಿನ ಖರ್ಚಿನ ಬಹುಪಾಲನ್ನು ಸರ್ಕಾರಗಳೇ ಹೊತ್ತವು. ಇದನ್ನು ನೆನಪಿಡಬೇಕು. ತನ್ನವರನ್ನು ಟಿಕೆಟ್ ಕೊಟ್ಟು ಕಳಿಸಿದ ದ್ವೀಪಕ್ಕೆ ಈಗ ನಮ್ಮವರು ಸಾಲ ಮಾಡಿ ಟಿಕೆಟ್ ಕೊಂಡು ಹೋಗುತ್ತಿದ್ದಾರೆ.

ನಮ್ಮ ಪಕ್ಕದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಕಳಿಸುವ ಸಂಸ್ಥೆ ಹೊಣೆ ಹೊತ್ತ ಪ್ರಯಾಣ ಅದು.

ಈಗಿನ ಲೆಕ್ಕ

ಈಗ ಹೋಗುವವರ ಬೆನ್ನಿಗೆ ದಂಡೂ ಇಲ್ಲ, ಸಂಸ್ಥೆಯೂ ಇಲ್ಲ. ಆದರೂ ಮಾಲ್ಟಾದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ವರ್ಷದ ಬಜೆಟ್‌ನಲ್ಲಿ ಎಲ್ಲ ನೌಕರರ ವಾರದ ಸಂಬಳಕ್ಕೆ ಇಷ್ಟು ಸೇರಿಸಬೇಕೆಂದು ಸರ್ಕಾರ ಘೋಷಿಸುತ್ತದೆ. ನಮ್ಮ ತುಟ್ಟಿಭತ್ಯೆಯ ಅಣ್ಣತಮ್ಮ. ವ್ಯತ್ಯಾಸ ಏನೆಂದರೆ ಇದು ಖಾಸಗಿ ಕೆಲಸದವರಿಗೂ ಸಿಗುತ್ತದೆ. 2024ಕ್ಕೆ ಸೇರಿದ್ದು ವಾರಕ್ಕೆ 12.81 ಯೂರೋ, 2025ಕ್ಕೆ 5.24 ಯೂರೋ. 2025ರಲ್ಲಿ ಅಲ್ಲಿನ ಕನಿಷ್ಠ ವೇತನ ವಾರಕ್ಕೆ 221.78 ಯೂರೋ. ಸೈಪ್ರಸ್‌ನಲ್ಲಿ ದೇಶವ್ಯಾಪಿ ಕನಿಷ್ಠ ವೇತನ ಬಂದದ್ದೇ 2023ರಲ್ಲಿ, ತಿಂಗಳಿಗೆ 940 ಯೂರೋ.

ಮಾಲ್ಟಾದ 2025ರ ಕನಿಷ್ಠ ವೇತನವನ್ನು ತಿಂಗಳಿಗೆ ತಿರುಗಿಸಿದರೆ ಸುಮಾರು 961 ಯೂರೋ. ಸಾಮಾಜಿಕ ಭದ್ರತೆಗೆ ನೂರಕ್ಕೆ 10 ಹೋದರೆ 865 ಉಳಿಯಿತು. ರೂಪಾಯಿಗೆ ಗುಣಿಸಿದರೆ ಊರಲ್ಲಿ ಕಣ್ಣರಳುತ್ತದೆ. ಆದರೆ ಬಾಡಿಗೆ, ಊಟ, ಬಸ್ಸು ಎಲ್ಲ ಯೂರೋದಲ್ಲೇ ಕಳೆಯಬೇಕು. ಕಳೆದಮೇಲೆ ಉಳಿದದ್ದನ್ನು ಮಾತ್ರ ರೂಪಾಯಿ ಮಾಡಿ. ಅದರಲ್ಲಿ ಏಜೆಂಟನಿಗೆ ಕೊಟ್ಟ ಸಾಲದ ಕಂತು ಹೋಗಬೇಕು. ಆಮೇಲೆ ಮನೆಗೆ.

ಇನ್ನೊಂದು ವಿಷಯ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ನೋಡಬಹುದು. ಆದರೆ ಹತ್ತನೇ ತರಗತಿ ಮುಗಿಸದವರು ಹೋಗುವಾಗ ಸರ್ಕಾರ ಮೊದಲೇ ಪರಿಶೀಲಿಸಿ ಅನುಮತಿ ಕೊಡುವ 18 ದೇಶಗಳ ಪಟ್ಟಿಯಲ್ಲಿ ಗಲ್ಫ್ ದೇಶಗಳಿವೆ, ಮಾಲ್ಟಾ, ಸೈಪ್ರಸ್ ಇಲ್ಲ. ಅಂದರೆ ಅಲ್ಲಿಗೆ ಹೋಗುವವರ ಕಾಗದಪತ್ರವನ್ನು ಹೊರಡುವ ಮುಂಚೆ ನಮ್ಮ ಸರ್ಕಾರ ಹಾಗೆ ತಿರುವಿ ನೋಡುವುದಿಲ್ಲ. ನಾವೇ ನೋಡಬೇಕು.

47ನೇ ದಳದ ಸಿಪಾಯಿಗಳಿಗೆ ಸುಳ್ಳಾದ ಭರವಸೆ ತಿಳಿದದ್ದು ಬೊಂಬಾಯಿಯಲ್ಲಿ, ಹಡಗು ಹತ್ತಿದಮೇಲೆ. ಬಾಡಿಗೆ ಯಾರದು, ಊಟ ಯಾರದು, ವಾಪಸು ಟಿಕೆಟ್ ಯಾರದು ಎಂಬ ಮೂರು ಪ್ರಶ್ನೆಗೆ ಉತ್ತರವನ್ನು ಹಾಸನದಲ್ಲಿ ಇರುವಾಗಲೇ, ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಸಂಬಳದ ಮಾತು ಆಮೇಲೆ.