ಡೀಸೆಲ್ ಪಿಕಪ್: ಚಳಿಯಲ್ಲಿ ಸ್ಟಾರ್ಟ್ ಮಾಡುವುದು, ದೋಷ ಹುಡುಕುವುದು

ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ನಿಂತ ಡೀಸೆಲ್ ಪಿಕಪ್ಪಿನ ಎಂಜಿನ್ ಸ್ಟಾರ್ಟ್ ಮಾಡುವ ವಿಧಾನ ಮತ್ತು ಸ್ಟಾರ್ಟ್ ಆಗದಿದ್ದಾಗ ಕಾರಣ ಹುಡುಕುವ ಕ್ರಮ. ಉತ್ತರ ಅಮೆರಿಕದ ಮಿನೆಸೋಟ, ಅಲಾಸ್ಕ, ಕೆನಡದ ಆಲ್ಬರ್ಟದಂಥ ಕಡೆ ಇದು ಚಳಿಗಾಲದ ದಿನನಿತ್ಯದ ವಿದ್ಯೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಒತ್ತಿದ ಗಾಳಿ ಕಾಯಬೇಕು, ಆ ಕಾವಿಗೆ ಇಂಧನ ತಾನಾಗಿ ಹೊತ್ತಿಕೊಳ್ಳಬೇಕು. ಡೀಸೆಲ್ ಹಾಗೆ ಹೊತ್ತುವುದು ಸುಮಾರು 210 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಂಜಿನ್ನಿನ ಲೋಹ ತಣ್ಣಗಿದ್ದರೆ ಹುಟ್ಟಿದ ಕಾವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ರಿಂಗುಗಳ ಪಕ್ಕದಿಂದ ಸೋರಿಹೋಗುತ್ತದೆ. ಹಾಗಾಗಿ ಈ ತೊಂದರೆಯ ಬೇರು ಬಹುಪಾಲು ಎಂಜಿನ್ನಿನೊಳಗೆ ಇರುವುದೇ ಇಲ್ಲ. ಅದನ್ನು ಬಿಸಿ ಮಾಡುವ, ತಿರುಗಿಸುವ ವಿದ್ಯುತ್ ಭಾಗಗಳಲ್ಲಿರುತ್ತದೆ.

1994ರಿಂದ 2003ರವರೆಗೆ ಬಂದ ಫೋರ್ಡಿನ 7.3 ಲೀಟರ್ ಪವರ್‌ಸ್ಟ್ರೋಕ್ ಒಳ್ಳೆಯ ಉದಾಹರಣೆ. ಎಂಟು ಸಿಲಿಂಡರಿಗೆ, ಅವುಗಳ ಒಳಗನ್ನು ಕರೆಂಟಿನಿಂದ ಕಾಯಿಸುವ ಎಂಟು ಹೀಟರ್ ಪ್ಲಗ್. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ‘ಕಾಯಿರಿ’ ಎನ್ನುವ ದೀಪ ಹತ್ತುತ್ತದೆ. ಅದು ಆರಿದೊಡನೆ ಪ್ಲಗ್ ಕಾದಿದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಪ್ಲಗ್‌ಗಳಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ರಿಲೇ ಎರಡು ನಿಮಿಷದವರೆಗೂ ಕರೆಂಟ್ ಕೊಡುತ್ತಿರಬಹುದು. ಕಡುಚಳಿಯಲ್ಲಿ ದೀಪ ಆರಿದ ಮೇಲೂ ಸ್ವಲ್ಪ ತಾಳಿ ಸೆಲ್ಫ್ ಹೊಡೆಯುವುದು ಜಾಣತನ. ಈ ಎಂಜಿನ್ನಿನ ನಾಜಲ್‌ಗಳು ಕೆಲಸ ಮಾಡುವುದು ಆಯಿಲಿನ ಒತ್ತಡದಿಂದ. ಸುಮಾರು 500 ಪಿಎಸ್ಐ ಬರುವವರೆಗೆ ಡೀಸೆಲ್ ಚಿಮ್ಮುವುದಿಲ್ಲ. ಚಳಿಗೆ ಗಟ್ಟಿಯಾದ 15ಡಬ್ಲ್ಯು-40 ಆಯಿಲ್ ಆ ಒತ್ತಡವನ್ನು ತಡಮಾಡುತ್ತದೆ. ಅದಕ್ಕೇ ಉತ್ತರ ಅಮೆರಿಕದ ಚಳಿ ಪ್ರದೇಶದವರು ಚಳಿಗಾಲಕ್ಕೆ 5ಡಬ್ಲ್ಯು-40 ಸಿಂಥೆಟಿಕ್ ಹಾಕಿಸುತ್ತಾರೆ. 1989ರ ಮಾದರಿಯಿಂದ ಡಾಡ್ಜ್ ಪಿಕಪ್ಪಿಗೆ ಬಂದ ಕಮಿನ್ಸ್ 5.9 ಲೀಟರ್ ಎಂಜಿನ್ನಿನದು ಬೇರೆ ದಾರಿ: ಹೀಟರ್ ಪ್ಲಗ್ ಇಲ್ಲ, ಒಳಹೋಗುವ ಗಾಳಿಯನ್ನೇ ವಿದ್ಯುತ್ ಜಾಲರಿಯೊಂದು ಕಾಯಿಸುತ್ತದೆ.

ಇವೆಲ್ಲಕ್ಕಿಂತ ನೆಚ್ಚಬಹುದಾದದ್ದು ಬ್ಲಾಕ್ ಹೀಟರ್. ಎಂಜಿನ್ನಿನ ಕೂಲೆಂಟ್ ಕಾಯಿಸುವ ಈ ಕಾಯಿಲನ್ನು ಮನೆಯ ಕರೆಂಟಿಗೆ ಸಿಕ್ಕಿಸಿ ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಹಾಕಿದರೆ ಸಾಕು. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ವಾಹನ ನಿಲ್ಲಿಸುವ ಜಾಗಗಳಲ್ಲೇ ಇದಕ್ಕೆಂದು ಪ್ಲಗ್ ಪಾಯಿಂಟುಗಳಿರುತ್ತವೆ.

ಇಂತಹ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ. ಒಂದು ಸತ್ತರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಕೇಬಲ್ ಬಿಚ್ಚಿ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಬ್ಯಾಟರಿಯ ಮೇಲೆ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಎಂದರೆ ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು, 7.2 ವೋಲ್ಟಿಗಿಂತ ಕೆಳಗಿಳಿಯದೆ ಅದು ಕೊಡಬಲ್ಲ ಕರೆಂಟ್.

ಡೀಸೆಲ್‌ನಲ್ಲಿರುವ ಮೇಣ ಚಳಿಗೆ ಹೆಪ್ಪುಗಟ್ಟಿ ಫಿಲ್ಟರನ್ನು ಮುಚ್ಚುವುದು ಬೇರೆಯೇ ತೊಂದರೆ. ಇದರ ಗುರುತು ವಿಚಿತ್ರ: ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ ಎಳೆತ ಕಳೆದುಕೊಂಡು ನಿಲ್ಲುತ್ತದೆ. ಪರಿಹಾರ ಚಳಿಗಾಲದ ಡೀಸೆಲ್. ಲಡಾಖ್‌ಗೆಂದು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ತಂದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ. ಮೇಣ ಕಟ್ಟಿದ ಮೇಲೆ ಅದನ್ನು ತಡೆಯುವ ಔಷಧಿ ಟ್ಯಾಂಕಿಗೆ ಸುರಿದು ಪ್ರಯೋಜನವಿಲ್ಲ. ಫಿಲ್ಟರ್ ಬದಲಾಯಿಸಿ ಗಾಡಿಯನ್ನು ಬೆಚ್ಚಗಿನ ಕಡೆ ಎಳೆಸಬೇಕು.

ಸೆಲ್ಫ್ ಜೋರಾಗಿ ತಿರುಗುತ್ತಿದ್ದೂ ಎಂಜಿನ್ ಹೊತ್ತದಿದ್ದರೆ ಮೊದಲು ನೋಡಬೇಕಾದದ್ದು ಸೈಲೆನ್ಸರ್. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಬರುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್, ರಿಲೇ ನೋಡಿ. ಕೀ ಹಾಕಿದಾಗ ರಿಲೇಯ ಎರಡೂ ದಪ್ಪ ಬೋಲ್ಟುಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಸಿಗಬೇಕು. ಒಂದರಲ್ಲಷ್ಟೇ ಸಿಕ್ಕರೆ ರಿಲೇ ಹೋಗಿದೆ ಎನ್ನಬಹುದು. ಈ ಪುಟ್ಟ ಭಾಗದ ದೋಷಕ್ಕೆ ನಾಜಲ್ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುವವರುಂಟು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ: ಮುಚ್ಚಿದ ಫಿಲ್ಟರ್, ನೀರು ಬೇರ್ಪಡಿಸುವ ಬಟ್ಟಲಲ್ಲಿ ಹೆಪ್ಪುಗಟ್ಟಿದ ನೀರು, ಪೈಪಿನಲ್ಲಿ ಏರ್ ಹಿಡಿದಿರುವುದು ಇತ್ಯಾದಿ. 7.3ರಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಕದಲದಿದ್ದರೆ ಕ್ಯಾಮ್‌ಶಾಫ್ಟ್ ಸೆನ್ಸರನ್ನು ಸಂದೇಹಿಸಬೇಕು.

ಹೀಟರ್ ಪ್ಲಗ್ ಅಥವಾ ಜಾಲರಿ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬಾರದು. ಕೆಂಪಗೆ ಕಾದ ಲೋಹ ತಗುಲಿ ಅದು ವೇಳೆ ತಪ್ಪಿ ಸಿಡಿದರೆ ಪಿಸ್ಟನ್ನೇ ಒಡೆಯಬಹುದು. ಆಯಿಲ್ ಚೇಂಬರಿನ ಕೆಳಗೆ ಬೆಂಕಿ ಇಡುವುದೂ ಅಷ್ಟೇ ಅಪಾಯ. ಹೊಸ ಗಾಡಿಗಳಲ್ಲಿ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರಿಂದ ಸ್ಟಾರ್ಟ್ ಆಗುವುದಕ್ಕೆ ಅಡ್ಡಿಯಿಲ್ಲ, ಟ್ಯಾಂಕಿನ ಹೀಟರೇ ಕರಗಿಸುತ್ತದೆ.

ಕೊಡಗು, ಚಿಕ್ಕಮಗಳೂರಿನ ಚಳಿಗೆ ಡೀಸೆಲ್ ಮೇಣಗಟ್ಟುವುದಿಲ್ಲ. ಅಲ್ಲಿ ಮುಂಜಾನೆ ಪಿಕಪ್ ಬಿಳಿ ಹೊಗೆ ಉಗುಳಿ ಹಟ ಹಿಡಿದರೆ ಹೀಟರ್ ಪ್ಲಗ್, ಬ್ಯಾಟರಿ, ಕಂಪ್ರೆಷನ್ ಈ ಕ್ರಮದಲ್ಲಿ ನೋಡುತ್ತ ಹೋಗಬಹುದು.